ನಾಲ್ಕನೇ ಮಗ್ಗದ ನಂಬರು

ತನ್ನ ಫೋನು ಇನ್ನೊಬ್ಬರ ಕೈಯಲ್ಲಿರುವುದನ್ನು ನೋಡುತ್ತಾ ಸುಮ್ಮನೆ ಕೂತಿರುವುದು ಇಷ್ಟು ಕಷ್ಟವೆಂದು ಕೋದಂಡರಾಮಯ್ಯನಿಗೆ ಗೊತ್ತಿರಲಿಲ್ಲ. ದೊಡ್ಡಬಳ್ಳಾಪುರದ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯಲ್ಲಿ, ಗಾಜಿನ ಮೇಜಿನ ಆಚೆ ಕೂತಿದ್ದ ರಮ್ಯ ಎನ್ನುವ ಹೆಂಗಸು ಅದನ್ನು ಎಡಗೈಯಲ್ಲಿ ಹಿಡಿದು ಹೆಬ್ಬೆರಳಿನಲ್ಲಿ ಟಕಟಕ ಒತ್ತುತ್ತಿದ್ದಳು. ಗುಂಡಿಗಳ ಮೇಲಿನ ಅಂಕಿಗಳು ಸವೆದು ಬೆಳ್ಳಗಾಗಿದ್ದವು. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ನಿಲ್ಲದೆ ರಬ್ಬರ್‌ಬ್ಯಾಂಡು ಹಾಕಿದ್ದ. ಆ ರಬ್ಬರ್‌ಬ್ಯಾಂಡನ್ನು ಅವಳು ತೆಗೆದು ಪಕ್ಕಕ್ಕೆ ಇಟ್ಟಾಗ ಎಲ್ಲರೆದುರಿಗೆ ತನ್ನ ಪಂಚೆ ಸರಿಸಿದಷ್ಟು ನಾಚಿಕೆಯಾಯಿತು. ಡಾಕ್ಟರು ಹೊಟ್ಟೆ ಅಮುಕಿ ನೋಡುವಾಗ ಅವರ ಮುಖವನ್ನೇ ನೋಡುವ ಹಾಗೆ ಅವಳ ಮುಖ ನೋಡುತ್ತಿದ್ದ. ಈಗ ಅವಳು ಆ ಒಂದು ನಂಬರಿಗೆ ಬಂದಿರಬಹುದೆ, ಈಗ ಅದನ್ನು ದಾಟಿ ಹೋಗಿರಬಹುದೆ.

"ಅಂಕಲ್, ನಂಬರೆಲ್ಲ ಸಿಮ್ಮಲ್ಲಿ ಹಾಕಿದೀರೋ, ಫೋನಲ್ಲೋ?"

ಎರಡು ಜಾಗ ಇದೆಯೆಂದು ಅವನಿಗೆ ತಿಳಿದಿರಲಿಲ್ಲ. "ಇದ್ರಲ್ಲೇ" ಎಂದು ಫೋನಿನ ಕಡೆ ಬೆರಳು ತೋರಿಸಿದ.

"ಅದೇ, ಇದ್ರಲ್ಲಿ ಎಲ್ಲಿ?" ಎಂದು ಅವಳು ನಕ್ಕಳು. ಕೆಟ್ಟ ನಗುವಲ್ಲ. "ಹೋಗ್ಲಿ ಬಿಡಿ, ನಾನೇ ನೋಡ್ತೀನಿ. ಎಲ್ಲಾ ಸೇರಿಸಿ ಒಂದು ಫೈಲ್ ಮಾಡಿ ಹೊಸದಕ್ಕೆ ಕಳಿಸಿದ್ರೆ ಮುಗೀತು. ಎರಡೇ ನಿಮಿಷ."

ಎರಡು ನಿಮಿಷ. ಹಿಂದೆ ಲಕ್ಷ್ಮಯ್ಯನವರ ಮಗ್ಗದ ಶೆಡ್ಡಿನಲ್ಲಿ ಅವನಿಗೆ ಇಪ್ಪತ್ತು ದಿನ ಬೇಕಾಗುತ್ತಿತ್ತು. ಅವನ ಕೆಲಸವೂ ಇದೇ ಆಗಿತ್ತು, ಹಳೆಯದರಲ್ಲಿ ಇದ್ದದ್ದನ್ನು ಹೊಸದಕ್ಕೆ ಇಳಿಸುವುದು. ಸೀರೆಯ ಅಂಚಿನ ಚಿತ್ರವೆಲ್ಲ ಮಗ್ಗದ ಮೇಲೆ ತಿರುಗುವ ರಟ್ಟಿನ ಕಾರ್ಡುಗಳಲ್ಲಿ ತೂತುಗಳಾಗಿ ಇರುತ್ತಿತ್ತು. ಒಂದು ಹಂಸಕ್ಕೆ ಇನ್ನೂರ ನಲವತ್ತು ಕಾರ್ಡು. ಎರಡು ಮೂರು ವರ್ಷ ಓಡಿದರೆ ರಟ್ಟು ಮೆತ್ತಗಾಗಿ ತೂತಿನ ಬಾಯಿ ಹರಿಯುತ್ತದೆ. ಆಗ ಹಳೇ ಕಾರ್ಡಿನ ಕೆಳಗೆ ಹೊಸದನ್ನು ಇಟ್ಟು, ತೂತಿಗೆ ತೂತು ಹೊಡೆದು, ಮೂಲೆಯಲ್ಲಿ ನಂಬರು ಬರೆದು, ಒಂದರ ಪಕ್ಕ ಒಂದನ್ನು ದಾರದಲ್ಲಿ ಹೆಣೆದು ಸರ ಮಾಡಬೇಕು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಅಕ್ಷರಕ್ಕಿಂತ ತೂತು ಚೆನ್ನಾಗಿ ಓದಲು ಬರುತ್ತಿತ್ತು. ಬೆಳಕಿಗೆ ಎತ್ತಿ ಹಿಡಿದರೆ ಇದು ರೆಕ್ಕೆ, ಇದು ಕೊಕ್ಕು ಎಂದು ಹೇಳುತ್ತಿದ್ದ. ಹೊರಗೆ ಹತ್ತು ಮಗ್ಗ ಒಟ್ಟಿಗೆ ಬಡಿಯುವಾಗ ಒಳಗೆ ಅವನೊಬ್ಬನೇ ಸುತ್ತಿಗೆ ಹಿಡಿದು ಬಾಯಲ್ಲಿ ಎಣಿಸುತ್ತಾ ಕೂತಿರುತ್ತಿದ್ದ. ಆ ಸದ್ದು ಈಗಲೂ ಕಿವಿಯಲ್ಲಿ ಇತ್ತು, ಆ ರಟ್ಟಿನ ಪುಡಿಯ ವಾಸನೆಯೂ.

"ಅಂಕಲ್? ತೆಗೀಲಾ?"

ಅವಳು ಏನೋ ಕೇಳಿದ್ದಳು. ಮೊದಲ ಭಾಗ ಅವನ ಕಿವಿಗೆ ಬಿದ್ದಿರಲಿಲ್ಲ. ಅಂಗಡಿಯ ಮಾಲೀಕ ವೇಣುಗೋಪಾಲ್ ಕೂಡ ತಲೆಯೆತ್ತಿ ನೋಡಿದ. ಕೋದಂಡರಾಮಯ್ಯ ತಲೆ ಆಡಿಸಿದ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಮನೆಯಲ್ಲಿ ಮೊಮ್ಮಕ್ಕಳ ಮುಂದೆ, ಅರ್ಥವಾಗದ್ದಕ್ಕೆಲ್ಲ ಅವನು ತಲೆ ಆಡಿಸುತ್ತಲೇ ಬಂದಿದ್ದ. ಹೂಂ ಎಂದರೆ ಎದುರಿಗಿದ್ದವರ ಮುಖ ಸಡಿಲವಾಗುತ್ತದೆ, ಅವರು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಅವಳೂ ಹೋದಳು. ಹೊಸ ಫೋನಿನ ಗಾಜಿನ ಮೇಲೆ ಹೆಸರುಗಳು ಸರಸರ ಇಳಿದವು. "ನೋಡಿ, ನೂರಾ ಹದಿನೆಂಟು ಬಂದಿವೆ. ಹಳೇದು ಎಕ್ಸ್‌ಚೇಂಜಿಗೆ ತಾನೆ? ಕ್ಲೀನ್ ಮಾಡ್ಬಿಟ್ಟೆ" ಎಂದು, ಹನ್ನೆರಡು ವರ್ಷ ಅವನ ಎದೆಯ ಜೇಬಿನಲ್ಲಿದ್ದ ಫೋನನ್ನು ಮೇಜಿನ ಕೆಳಗಿನ ಡಬ್ಬಕ್ಕೆ ಹಾಕಿದಳು. ಅಲ್ಲಿ ಇನ್ನೂ ಹತ್ತಾರು ಫೋನುಗಳು ಬಿದ್ದಿದ್ದವು. ರಬ್ಬರ್‌ಬ್ಯಾಂಡನ್ನು ಮಾತ್ರ ಅವನು ತೆಗೆದುಕೊಂಡು ಬಂದ.

ಮನೆಯ ಮುಂಭಾಗದಲ್ಲೇ ಮಗ ಚೌಡೇಶನ ನಾಲ್ಕು ಮಗ್ಗಗಳಿದ್ದವು. ಅವಕ್ಕೆ ರಟ್ಟಿನ ಕಾರ್ಡು ಇಲ್ಲ, ಕಂಪ್ಯೂಟರಿನವನು ಪೆನ್‌ಡ್ರೈವಿನಲ್ಲಿ ಡಿಸೈನ್ ಹಾಕಿಕೊಡುತ್ತಾನೆ. ಚುಚ್ಚಿದರೆ ಹಂಸ, ಕಿತ್ತು ಇನ್ನೊಂದು ಚುಚ್ಚಿದರೆ ನವಿಲು. ಕೋದಂಡರಾಮಯ್ಯ ಬಾಗಿಲಿಗೆ ಬಂದಾಗ ಒಂದು ಮಗ್ಗ ನಿಂತಿತ್ತು, ನೇಯುವ ಬೈರೇಶ್ ಬಗ್ಗಿ ಎಳೆ ಹುಡುಕುತ್ತಿದ್ದ. ಉಳಿದ ಮೂರರ ಸದ್ದಿನ ಮೇಲೆ ಚೌಡೇಶ ಕೂಗಿದ. "ಏನ್ಲಾ ಬೈರೇಶ, ಅಪ್ಪಯ್ಯಣ್ಣನ ಗಂಟು ಹಾಕ್ಬಿಟ್ಯಾ?"

"ಇಲ್ಲ ಕಣಣ್ಣೋ, ಇದು ನಿಮ್ ಪೆನ್‌ಡ್ರೈವಪ್ಪನ ಗಂಟು!" ಎಂದ ಬೈರೇಶ್. ಇಬ್ಬರೂ ನಕ್ಕರು.

ಊರಿನ ಶೆಡ್ಡುಗಳಲ್ಲಿ ಎಲ್ಲರೂ ಆಡುವ ಮಾತು ಅದು. ಕೆಲಸ ಕೆಡಿಸಿದರೆ ಅಪ್ಪಯ್ಯಣ್ಣನ ಗಂಟು. ಅಡುಗೆಗೆ ಎರಡು ಸಲ ಉಪ್ಪು ಬಿದ್ದರೂ ಸೊಸೆ ಅರುಣಾ ಅದನ್ನೇ ಅನ್ನುತ್ತಿದ್ದಳು. ಅಪ್ಪಯ್ಯಣ್ಣ ಎನ್ನುವ ಒಬ್ಬ ಮನುಷ್ಯ ಇದ್ದ, ಇದ್ದಾನೆ, ಲಕ್ಷ್ಮಯ್ಯನವರ ಶೆಡ್ಡಿನ ನಾಲ್ಕನೇ ಮಗ್ಗದಲ್ಲಿ ಅವನಷ್ಟು ಸಾಫಾಗಿ ನೇಯುವವರು ಇನ್ನೊಬ್ಬರಿರಲಿಲ್ಲ ಎನ್ನುವುದು ಈಗಿನವರಿಗೆ ಯಾರಿಗೂ ಗೊತ್ತಿಲ್ಲ. ಮೂವತ್ತಮೂರು ವರ್ಷದಿಂದ ಆ ಮಾತು ಬಿದ್ದಾಗಲೆಲ್ಲ ಕೋದಂಡರಾಮಯ್ಯ ಏನೋ ಮರೆತವನ ಹಾಗೆ ಒಳಗೆ ಎದ್ದು ಹೋಗುತ್ತಿದ್ದ. ಈವತ್ತೂ ಹೋದ.

ಒಳಮನೆಯ ಮಂಚದ ಮೇಲೆ ಕೂತು ಹೊಸ ಫೋನು ತೆಗೆದ. ಬೆರಳು ತಾಗಿಸಿದರೆ ಓಡುತ್ತಿತ್ತು, ನಿಲ್ಲಿಸಿದಲ್ಲಿ ನಿಲ್ಲುತ್ತಿರಲಿಲ್ಲ. ಹಳೆಯದರಲ್ಲಿ ಪಟ್ಟಿ ತೆರೆದರೆ ಮೊದಲಿಗೇ ಬರುತ್ತಿತ್ತು ಅದು. ಹೆಸರಿಲ್ಲ, ಬರೀ 4 ಎಂದು. ಶೆಡ್ಡಿನಲ್ಲಿ ಯಾರನ್ನೂ ಹೆಸರು ಹಿಡಿದು ಕೂಗುತ್ತಿರಲಿಲ್ಲ, ಆ ಸದ್ದಿನಲ್ಲಿ ಹೆಸರು ಕೇಳುವುದೂ ಇಲ್ಲ. ಬೆರಳು ಎತ್ತಿ ತೋರಿಸಿದರೆ ಎರಡು ಎಂದರೆ ಎರಡನೇ ಮಗ್ಗದವನು, ನಾಲ್ಕು ಎಂದರೆ ಅಪ್ಪಯ್ಯಣ್ಣ. ಹಾಗೆ ಹಾಕಿದರೆ ಮನೆಯವರು ಯಾರಾದರೂ ನೋಡಿದರೂ ತಿಳಿಯುವುದಿಲ್ಲ ಎನ್ನುವುದೂ ಒಂದು. ಈಗ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸರಿಸಿದ. ಸಿಗಲಿಲ್ಲ. ಅರುಣಾಳನ್ನು ಕರೆದ.

"ಅಮ್ಮಾ, ಇದ್ರಲ್ಲಿ ನಾಲ್ಕು ಅಂತ ಇರಬೇಕು, ನೋಡು."

"ನಾಲ್ಕಾ? ಹೆಸರು ಏನು ಮಾವ?"

"ಹೆಸರಿಲ್ಲ. ನಾಲ್ಕು."

ಅವಳು ಹುಡುಕಿದಳು. "ನಾಗೇಶ ಇದಾನೆ, ನಾರಾಯಣಪ್ಪೋರಿದಾರೆ. ನಾಲ್ಕು ಅಂತ ಯಾರೂ ಇಲ್ಲ. ಯಾರ್ದು ಮಾವ, ಬೇಕಾಗಿತ್ತಾ?"

"ಏನಿಲ್ಲ ಬಿಡು" ಎಂದ. ಅವಳು ಹೋದ ಮೇಲೆ ಮತ್ತೆ ಮೇಲಿಂದ ಸರಿಸತೊಡಗಿದ.

ಆ ನಂಬರಿಗೆ ಅವನು ಒಂದು ಸಲವೂ ಫೋನ್ ಮಾಡಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ದೇವನಹಳ್ಳಿಯ ಒಂದು ಛತ್ರದಲ್ಲಿ, ಯಾರದೋ ಮದುವೆಯ ಊಟದ ಸಾಲಿನಲ್ಲಿ, ಹಿಂದಿನಿಂದ ಹೆಗಲ ಮೇಲೆ ಕೈ ಬಿದ್ದಿತ್ತು. ತಿರುಗಿದರೆ ಅಪ್ಪಯ್ಯಣ್ಣ. ತಲೆ ಬೆಳ್ಳಗಾಗಿತ್ತು, ಮುಖ ಬಿಸಿಲಿಗೆ ಕಪ್ಪಾಗಿತ್ತು, ನಗು ಮಾತ್ರ ಹಾಗೇ ಇತ್ತು. ಹೆಂಡತಿಯ ಊರಲ್ಲಿದೀನಿ ಕಣಯ್ಯ, ನಂದಗುಡಿ ಹತ್ರ, ಎರಡು ಹಸ ಕಟ್ಕೊಂಡಿದೀನಿ, ಡೈರಿ ಹತ್ರ ಬಂದು ಯಾರನ್ನ ಕೇಳಿದ್ರೂ ತೋರಿಸ್ತಾರೆ, ಎಂದು ಅವನ ಫೋನು ಕಿತ್ತುಕೊಂಡು ತಾನೇ ನಂಬರು ಒತ್ತಿ ರಿಂಗ್ ಕೊಟ್ಟಿದ್ದ. "ಮಾಡಯ್ಯ ಯಾವಾಗಾದ್ರೂ. ಆ ಶೆಡ್ಡಲ್ಲಿ ನನ್ನ ನೆಟ್ಟಗೆ ನೋಡ್ತಿದ್ದೋನು ನೀನೊಬ್ಬನೇ" ಎಂದಿದ್ದ. ಆ ಮಾತು ಕೇಳಿ ಕೋದಂಡರಾಮಯ್ಯ ಎಲೆಯಲ್ಲಿ ಅನ್ನ ಬಿಟ್ಟು ಎದ್ದು ಬಂದಿದ್ದ. ಆಮೇಲೆ ದಿನಕ್ಕೊಂದು ಸಲವಾದರೂ ಆ 4ನ್ನು ತೆರೆದು ನೋಡುತ್ತಿದ್ದ. ನಾಳೆ ಮಾಡೋಣ. ಹಬ್ಬ ಕಳೆಯಲಿ. ಮಳೆ ನಿಲ್ಲಲಿ. ನೋಡಿ ಮುಚ್ಚಿದಾಗ ಅರ್ಧ ಹೇಳಿದಷ್ಟು ಹಗುರವಾಗುತ್ತಿತ್ತು. ಹತ್ತು ಅಂಕಿಗಳನ್ನು ಬಾಯಿಪಾಠ ಮಾಡಲಿಲ್ಲ, ಅಗತ್ಯ ಬೀಳಲಿಲ್ಲ, ಎದೆಯ ಮೇಲೇ ಇತ್ತಲ್ಲ. ಈಗ ಕಣ್ಣು ಮುಚ್ಚಿದರೆ ತೊಂಬತ್ತು ಎನ್ನುವುದೊಂದು ನೆನಪಿಗೆ ಬಂತು, ಅದರ ಮುಂದೆ ಖಾಲಿ. ಈ ಹನ್ನೊಂದು ವರ್ಷದಲ್ಲಿ ತಾನು ಎಂದಾದರೂ ಫೋನ್ ಮಾಡುವವನಿದ್ದನೆ? ಇಲ್ಲ ಎಂದು ಇಷ್ಟು ಸಲೀಸಾಗಿ ಉತ್ತರ ಬಂದದ್ದಕ್ಕೆ ಅವನಿಗೇ ಹೆದರಿಕೆಯಾಯಿತು.

ಹನ್ನೆರಡು ಗಂಟೆಯ ಬಿಸಿಲಿನಲ್ಲಿ ಮತ್ತೆ ಅಂಗಡಿಗೆ ನಡೆದ. ರಮ್ಯ ಡಬ್ಬಿ ತೆರೆದು ಊಟ ಮಾಡುತ್ತಿದ್ದಳು. ಅವನು ಹೇಳಿದ್ದನ್ನು ಕೇಳಿ ತುತ್ತು ಕೆಳಗಿಟ್ಟಳು.

"ಅಯ್ಯೋ. ಬರೀ ನಾಲ್ಕು ಅಂತಿತ್ತಲ್ಲ ಅದಾ? ಹೆಸರಿಲ್ಲದ್ದು, ಎರಡೆರಡು ಸಲ ಇದ್ದದ್ದು ತೆಗೆದ್ಬಿಟ್ಟೆ ಅಂಕಲ್. ಹಳೇದ್ರಲ್ಲೂ ಹೋಯ್ತು, ಇನ್ನು ಬರಲ್ಲ."

ವೇಣುಗೋಪಾಲ್ ಎದ್ದು ಬಂದ. ಬೆಳಿಗ್ಗೆಯಿಂದ ಯಾರ ಮೇಲೋ ಇದ್ದ ಅವನ ಸಿಟ್ಟಿಗೆ ಒಂದು ಜಾಗ ಸಿಕ್ಕಿದ ಹಾಗಿತ್ತು. "ಏನಮ್ಮಾ ರಮ್ಯ, ಎಷ್ಟು ಸಲ ಹೇಳೋದು? ಕಸ್ಟಮರ್ ನಂಬರ್ ನಿಮ್ಮ ಮನೆ ಕಸಾನಾ ಗುಡಿಸಿ ಹಾಕೋಕೆ? ಪಾಪ ವಯಸ್ಸಾದೋರು. ನಿಮ್ಮಂಥೋರ್ನ ಇಟ್ಕೊಂಡು ನಾನು ಅಂಗಡಿ ನಡೆಸ್ದಂಗೇ."

"ಕೇಳೇ ತೆಗೆದಿದ್ದು ಸಾರ್."

"ಏನ್ ಕೇಳಿದ್ರಿ? ಅವರಿಗೆ ಅರ್ಥ ಆಗತ್ತಾ?" ಎಂದು ಅವನು ಕೋದಂಡರಾಮಯ್ಯನ ಕಡೆ ತಿರುಗಿದ. "ಕೇಳಿದ್ರಾ ಇವರು?"

ಅವಳು ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಲ್ಲ. ಈ ಮುದುಕ ಏನು ಹೇಳುತ್ತಾನೆಂದು ಆಗಲೇ ಗೊತ್ತಿರುವವರು ನೋಡುವ ಹಾಗೆ, ಎಂಜಲು ಕೈ ಒಣಗಿಸಿಕೊಳ್ಳುತ್ತಾ. ಅಂಥದೇ ನೋಟವನ್ನು ಅವನು ಒಮ್ಮೆ ಅಪ್ಪಯ್ಯಣ್ಣನ ಕಣ್ಣಿನಲ್ಲಿ ಕಂಡಿದ್ದ. ನಾಲ್ಕನೇ ಮಗ್ಗದಿಂದ ಹದಿನೆಂಟು ಸೀರೆ ಇಳಿದ ಮೇಲೆ ಅಂಚಿನ ಹಂಸಗಳಿಗೆಲ್ಲ ಕುತ್ತಿಗೆಯಲ್ಲಿ ಒಂದು ಸೊಟ್ಟ ಇರುವುದು ಲಕ್ಷ್ಮಯ್ಯನವರ ಕಣ್ಣಿಗೆ ಬಿದ್ದ ದಿನ. ಮಗ್ಗ ನಿಲ್ಲಿಸಿ ಕಾರ್ಡಿನ ಸರ ಇಳಿಸಿದ್ದರು. ನೂರಾ ಹದಿನೇಳು, ನೂರಾ ಹದಿನೆಂಟು ಹಿಂದುಮುಂದಾಗಿದ್ದವು. ಸರಿಯಾಗಿ ಅಲ್ಲೇ ದಾರ ಕಿತ್ತಿದ್ದನ್ನು ಅಪ್ಪಯ್ಯಣ್ಣ ಒಂದು ವಾರದ ಹಿಂದೆ ಬಿಚ್ಚಿ ಕಟ್ಟಿದ್ದ, ಗಂಟು ಎಲ್ಲರಿಗೂ ಕಾಣುತ್ತಿತ್ತು. ಯಾವ ಸೀರೆ ಅದಕ್ಕೆ ಮುಂಚಿನದು, ಯಾವುದು ಆಮೇಲಿನದು ಎಂದು ಯಾರೂ ಲೆಕ್ಕ ಇಟ್ಟಿರಲಿಲ್ಲ. "ಹೆಂಗಿತ್ತೋ ಹಂಗೇ ಕಟ್ಟಿದೆ ಯಜಮಾನ್ರೇ" ಎಂದ ಅಪ್ಪಯ್ಯಣ್ಣ. ಲಕ್ಷ್ಮಯ್ಯನವರು ಕೋದಂಡರಾಮಯ್ಯನನ್ನು ಕೇಳಿದರು, ಕಾರ್ಡಿನ ವಿಷಯ ಅವನಿಗಿಂತ ಬಲ್ಲವರು ಯಾರು? ನೀನು ಹೆಣೆದಾಗ ಸರಿಯಾಗಿತ್ತು ತಾನೆ? ಮೊದಲನೇ ಸೀರೆ ಮಗ್ಗದಿಂದ ಇಳಿದ ದಿನವೇ, ದಾರ ಕೀಳುವ ಮುಂಚೆಯೇ, ಆ ಸೊಟ್ಟ ಅವನ ಕಣ್ಣಿಗೆ ಬಿದ್ದಿತ್ತು. ಹೆಣೆಯುವಾಗ ತನ್ನ ಕೈ ತಪ್ಪಿದೆ ಎಂದು ಗೊತ್ತಾಗಿತ್ತು. ಯಾರ ಕಣ್ಣಿಗೂ ಬೀಳಲಿಕ್ಕಿಲ್ಲ ಎಂದು ಸುಮ್ಮನಿದ್ದ. ಯಜಮಾನರು ಕೇಳಿದಾಗ ಅವನು ಗಂಟಿನ ಮೇಲೆ ಬೆರಳಿಟ್ಟು "ಇಲ್ಲಿ ಬಿಚ್ಚಿ ಕಟ್ಟಿದಾರೆ" ಎಂದು ತಲೆ ಆಡಿಸಿದ. ಆ ಮಾತಿನಲ್ಲಿ ಸುಳ್ಳು ಎಲ್ಲಿತ್ತು? ಆಮೇಲೆ ಎರಡು ಕಾರ್ಡು ಅದಲುಬದಲು ಮಾಡಿ ಹೆಣೆದು ಏರಿಸಿದ್ದೂ ಅವನೇ. ಕೆಲಸ ಕಳೆದುಕೊಂಡ ಅಪ್ಪಯ್ಯಣ್ಣನ ಜಾಗಕ್ಕೆ ಬಂದವನ ಮೊದಲ ಸೀರೆಯಲ್ಲೇ ಹಂಸ ನೆಟ್ಟಗೆ ಬಂತು. ಅದಕ್ಕಿಂತ ಸಾಕ್ಷಿ ಬೇಕೆ? ಹತ್ತೂ ಮಗ್ಗದವರು ಬಂದು ನೋಡಿ ಹೌದೌದು ಎಂದರು. ಊರಿನ ಯಾವ ಶೆಡ್ಡಿನವರೂ ಅಪ್ಪಯ್ಯಣ್ಣನನ್ನು ಮತ್ತೆ ಮಗ್ಗಕ್ಕೆ ಕೂರಿಸಲಿಲ್ಲ.

"ಕೇಳಿದ್ರಾ ಅಂದೆ" ಎಂದ ವೇಣುಗೋಪಾಲ್.

"ಕೇಳಿದ್ರು" ಎಂದ ಕೋದಂಡರಾಮಯ್ಯ. "ಆಯಮ್ಮ ಕೇಳೇ ತೆಗೆದಿದ್ದು. ನಾನು ಕಿವಿ ಕೊಡ್ದೆ ಹೂಂ ಅಂದೆ. ತಪ್ಪು ನಂದು."

ವೇಣುಗೋಪಾಲ್ "ಹಂಗಂತ ಮೊದ್ಲೇ ಹೇಳ್ಬಾರ್ದಾ ಸ್ವಾಮಿ" ಎಂದು ತನ್ನ ಕುರ್ಚಿಗೆ ಹೋಗಿ ಕೂತ. ರಮ್ಯ ತಲೆ ತಗ್ಗಿಸಿ ಮೊಸರನ್ನ ಕಲಸತೊಡಗಿದಳು. ಅಷ್ಟೇ. ನೆಲ ಬಾಯಿ ಬಿಡಲಿಲ್ಲ, ರಸ್ತೆಯಲ್ಲಿ ಆಟೋದವನು ಹಾರ್ನ್ ಹೊಡೆಯುವುದನ್ನು ನಿಲ್ಲಿಸಲಿಲ್ಲ. ಇಷ್ಟೇನಾ ಎಂದುಕೊಂಡ. ಇಷ್ಟನ್ನು ಅವತ್ತು ಹೇಳಿದ್ದರೆ ಲಕ್ಷ್ಮಯ್ಯನವರು ಎರಡು ಮಾತು ಬೈಯುತ್ತಿದ್ದರು, ಒಂದು ತಿಂಗಳು ಮುಖ ಕೊಡುತ್ತಿರಲಿಲ್ಲ. ಅಷ್ಟಕ್ಕಾಗಿ. ಅಂಗಡಿಯ ಮೆಟ್ಟಿಲು ಇಳಿದ. ಮನೆ ಎಡಕ್ಕಿತ್ತು. ಅವನು ಬಲಕ್ಕೆ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದ.

ದೇವನಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ಸೂಲಿಬೆಲೆಗೆ ಇನ್ನೊಂದು, ಆಮೇಲೆ ನಂದಗುಡಿಗೆ. ಕಿಟಕಿಯ ಪಕ್ಕ ಕೂತು ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸುತ್ತಾ ಹೋದ. ಗೊತ್ತಿಲ್ಲದೆ ಆಗಿಹೋಯಿತು ಎಂದು ಮೊದಲು ಹೇಳುವುದು. ಆಮೇಲೆ ಹೆದರಿಕೆ. ಮೂರು ಮಕ್ಕಳಿದ್ದವು, ಹಿರಿಯಳಿಗೆ ಕಾಮಾಲೆ. ಕಾಮಾಲೆ ಆ ವರ್ಷವೋ ಅದರ ಮುಂದಿನ ವರ್ಷವೋ? ಮುಂದಿನ ವರ್ಷ. ಇರಲಿ, ಅವನಿಗೇನು ಗೊತ್ತು, ಎಂದು ಯೋಚನೆ ಬಂದ ಕೂಡಲೇ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ. ವಿಮಾನವೊಂದು ರಸ್ತೆಗೆ ಬಿದ್ದೇಬಿಡುವ ಹಾಗೆ ಕೆಳಗಿಳಿದು ಹೋಯಿತು, ಬಸ್ಸಿನಲ್ಲಿ ಯಾರೂ ತಲೆಯೆತ್ತಲಿಲ್ಲ. ಫೋನು ಹೊಸ ದನಿಯಲ್ಲಿ ಬಡಿದುಕೊಂಡಿತು. ಚೌಡೇಶನ ಹೆಸರು ಗಾಜಿನ ತುಂಬ ಬಂತು. ಎಲ್ಲಿ ಒತ್ತಿದರೆ ಮಾತಾಡುವುದೆಂದು ತಿಳಿಯದೆ ನೋಡುತ್ತಾ ಕೂತ, ಬಡಿದು ಬಡಿದು ನಿಂತಿತು. ಪಕ್ಕದವನು "ಬಲಕ್ಕೆ ಎಳೀಬೇಕು ಯಜಮಾನ್ರೇ" ಎಂದ. ಸೂಲಿಬೆಲೆ ದಾಟಿದ ಮೇಲೆ ಇನ್ನೊಂದು ಯೋಚನೆ ಬಂತು. ಹನ್ನೊಂದು ವರ್ಷ. ಅಪ್ಪಯ್ಯಣ್ಣ ತನಗಿಂತ ಎರಡು ವರ್ಷ ದೊಡ್ಡವನು. ಇಲ್ಲದೆಯೂ ಇರಬಹುದಲ್ಲ? ಇಲ್ಲದಿದ್ದರೆ ಹೆಂಡತಿಗೆ ಎರಡು ಮಾತು ಹೇಳಿ, ಕಾಫಿ ಕುಡಿದು ಕತ್ತಲಾಗುವುದರೊಳಗೆ ಮನೆ ಸೇರಬಹುದು. ಎದೆ ಒಂದು ಕ್ಷಣ ನಿಜವಾಗಿಯೂ ಹಗುರಾಯಿತು. ಆ ಹಗುರವನ್ನು ಅವನು ನೋಡಿದ. ರಾಗಿ ಹೊಲಗಳು ಹಿಂದೆ ಹೋಗುತ್ತಿದ್ದವು, ಭೂಮಿ ಕೊಡುವುದಿಲ್ಲ ಎಂದು ಬರೆದ ಬಟ್ಟೆ ಒಂದು ಕಡೆ ಹರಿದು ಜೋತಾಡುತ್ತಿತ್ತು.

ಡೈರಿ ಹತ್ತಿರ ಕೇಳಿದರೆ ಒಬ್ಬ ಹೆಂಗಸು ಕೈ ತೋರಿಸಿದಳು. ಅಪ್ಪಯ್ಯಣ್ಣ ಮನೆ ಮುಂದೆ ಹಸುವಿನ ಮೈ ತೊಳೆಯುತ್ತಿದ್ದ. ಬನಿಯನ್ನು ನೆನೆದಿತ್ತು. ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದ.

"ಯಾರಪ್ಪಾ ಅದು? ಲೇ, ಕೋದಂಡನಾ! ಬಾರಯ್ಯ ಬಾ. ಇವಳೇ, ಯಾರು ಬಂದಿದಾರೆ ನೋಡು. ಎಲ್ಲಿ ಪತ್ರಿಕೆ, ಯಾರ ಮದುವೆ?"

"ಮದುವೆ ಇಲ್ಲ."

"ಹಂಗಾದ್ರೆ ಯಾರು ಹೋದ್ರು?"

"ಯಾರೂ ಹೋಗಿಲ್ಲ. ಸುಮ್ಮನೆ ಬಂದೆ."

"ಸುಮ್ಮನೆ ಬರೋ ಜಾತಿಯಾ ನೀನು! ಫೋನ್ ಮಾಡ್ಬಾರ್ದಿತ್ತಾ, ನಂಬರ್ ಕೊಟ್ಟಿದ್ನಲ್ಲ."

"ಅದು ಕಳೆದುಹೋಯ್ತು."

"ಯಾವಾಗ?"

"ಇವತ್ತು ಬೆಳಿಗ್ಗೆ."

ಅಪ್ಪಯ್ಯಣ್ಣ ಹಸುವಿನ ಬೆನ್ನಿಗೆ ಒರಗಿ ನಕ್ಕುಬಿಟ್ಟ. "ಇರೋವರೆಗೂ ಮಾಡಲಿಲ್ಲ, ಕಳ್ಕೊಂಡ ದಿವಸ ಮೂರು ಬಸ್ ಹತ್ತಿ ಬಂದಿದೀಯ. ನೀನು ಮೊದ್ಲಿಂದ್ಲೂ ಒಂಥರಾ ಕಣಯ್ಯ." ಒಳಗಿನಿಂದ ಹೆಂಡತಿ ಗಂಗಲಕ್ಷ್ಮಮ್ಮ ಇಣುಕಿ ನೋಡಿ, ಗುರುತು ಹತ್ತಿಯೋ ಹತ್ತದೆಯೋ, ಒಲೆಯ ಕಡೆ ಹೋದಳು. ಅವನು ಜಗಲಿಯ ಮೇಲೆ ಕೂರಲಿಲ್ಲ. ಕೂತರೆ ಆಗುವುದಿಲ್ಲ ಎಂದು ಗೊತ್ತಿತ್ತು.

"ಆ ಗಂಟು ನಿಂದಲ್ಲ" ಎಂದ.

"ಯಾವ ಗಂಟು?"

"ಹಂಸದ್ದು. ಗೊತ್ತಿಲ್ಲದೆ ಆಗಿಹೋಯ್ತು ಅಪ್ಪಯ್ಯಣ್ಣ. ಎರಡು ಕಾರ್ಡು ಹಿಂದುಮುಂದಾಗಿದ್ದು ನಾನು ಹೆಣೆಯುವಾಗಲೇ. ನಿನ್ನ ದಾರ ಕೀಳೋದಕ್ಕೆ ಮುಂಚೆನೇ. ಮೊದಲನೇ ಸೀರೇಲೇ ನೋಡಿದ್ದೆ. ಹೆದರಿಕೆ ಆಯ್ತು, ಮಕ್ಕಳು ಚಿಕ್ಕವು..."

ಅಪ್ಪಯ್ಯಣ್ಣನ ಕೈಯ ಚೊಂಬಿನಿಂದ ನೀರು ಸುರಿದು ಮುಗಿಯಿತು. ಅವನು ಚೊಂಬನ್ನು ನೇರ ಮಾಡಲಿಲ್ಲ. ಬೈಯುತ್ತಾನೆ, ಚೊಂಬಿನಲ್ಲೇ ಹೊಡೆಯುತ್ತಾನೆ, ಇಲ್ಲವೇ ನನಗೆ ಆಗಲೇ ಗೊತ್ತಿತ್ತು ಬಿಡು ಎನ್ನುತ್ತಾನೆ, ಎಂದು ಬಸ್ಸಿನಲ್ಲಿ ಕೋದಂಡರಾಮಯ್ಯ ಎಲ್ಲಕ್ಕೂ ತಯಾರಾಗಿ ಬಂದಿದ್ದ. ಅಪ್ಪಯ್ಯಣ್ಣ ತನ್ನ ಬಲಗೈಯನ್ನು ನೋಡಿಕೊಳ್ಳುತ್ತಿದ್ದ. ಒದ್ದೆ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಚ್ಚಿದ.

"ಹೆಂಗಿತ್ತೋ ಹಂಗೇ ಕಟ್ಟಿದೆ ಅಂತ ಅವತ್ತು ಹೇಳ್ದೆ" ಎಂದ ನಿಧಾನವಾಗಿ. "ಆಮೇಲೆ ನೀನು ಕೈ ಇಟ್ಟು ತೋರಿಸ್ದೆ. ಬೇರೆ ಯಾರಾದ್ರೂ ಹೇಳಿದ್ರೆ ಜಗಳ ಆಡ್ತಿದ್ದೆ. ನೀನು ಹೇಳಿದ್ಮೇಲೆ ನನಗೇ ಅನುಮಾನ ಬಂತು. ಬರ್ತಾ ಬರ್ತಾ, ನಾನು ನಂಬರು ನೋಡ್ದೆ ಕಟ್ಟಿದ್ದು ಕಣ್ಣಿಗೇ ಕಟ್ಟಿದಂಗಾಯ್ತು. ನನ್ನ ಕೈಯೇ ಸರಿಯಿಲ್ಲ ಅಂದ್ಕೊಂಡೆ." ಖಾಲಿ ಚೊಂಬನ್ನು ನೆಲಕ್ಕಿಟ್ಟು, "ಮುನಿಕೃಷ್ಣ ಇದಾನಲ್ಲ ನನ್ನ ಮಗ, ಹತ್ತು ವರ್ಷದ ಹುಡುಗ ಆಗಿದ್ದಾಗ ಯಾರದೋ ಮಗ್ಗದ ಮೇಲೆ ಕೂತಿದ್ದ. ಎಳ್ಕೊಂಡು ಬಂದು ಹೊಡೆದೆ. ನಮ್ಮದು ಕೆಟ್ಟ ಕೈ ಕಣೋ, ನಿನಗೂ ಅದೇ ಬಂದಿರುತ್ತೆ, ಮುಟ್ಟಬೇಡ ಅಂದೆ. ಈಗ ತರಕಾರಿ ಟೆಂಪೋ ಓಡಿಸ್ತಾನೆ" ಎಂದ.

ಗಂಗಲಕ್ಷ್ಮಮ್ಮ ಕಾಫಿ ತಂದಳು. ಅಪ್ಪಯ್ಯಣ್ಣ ಅವಳ ಕಡೆ ತಿರುಗಲಿಲ್ಲ. "ಹೇಳು ಇವಳಿಗೆ" ಎಂದ.

"ಏನು?"

"ನನಗೆ ಹೇಳಿದ್ದನ್ನ. ಊರು ಬಿಟ್ಟು ಬಂದೋಳು ಇವಳೂನೂ ಅಲ್ವಾ?"

ಎರಡನೇ ಸಲ ಇನ್ನೂ ಕಷ್ಟ ಎಂದು ಅವನಿಗೆ ಗೊತ್ತಿರಲಿಲ್ಲ. ಮೊದಲನೇ ಸಲ ಮಾತು ಓಡುತ್ತಾ ಬಂದಿತ್ತು. ಈಗ ಒಂದೊಂದೂ ನಿಂತು ಅವನ ಮುಖ ನೋಡಿತು. ಗೊತ್ತಿಲ್ಲದೆ ಆಗಿಹೋಯಿತಮ್ಮ ಎಂದು ಶುರುಮಾಡಿದ. "ಹೆಂಗಿತ್ತೋ ಹಂಗೆ ಹೇಳು" ಎಂದ ಅಪ್ಪಯ್ಯಣ್ಣ, ಗದರಿಸದೆ. ಅವನು ಮತ್ತೆ ಮೊದಲಿಂದ ಹೇಳಿದ. ಗಂಗಲಕ್ಷ್ಮಮ್ಮ ಲೋಟ ಕೈಯಲ್ಲೇ ಹಿಡಿದು ಕೊನೆಯವರೆಗೆ ಕೇಳಿದಳು.

"ಈಗ ಯಾಕೆ ಬಂದ್ರಿ?" ಎಂದಳು. "ಡಾಕ್ಟ್ರು ಏನಾದ್ರೂ ಹೇಳಿದ್ರಾ ನಿಮಗೆ?"

"ಇಲ್ಲಮ್ಮ."

"ಮತ್ತೆ?"

ಅವಳು ಕಾಫಿಯನ್ನು ಜಗಲಿಯ ಮೇಲೆ, ಅವನಿಗೆ ಎಟುಕುವಲ್ಲಿ ಇಡದೆ, ಕಂಬದ ಆಚೆ ಇಟ್ಟಳು. ಅಪ್ಪಯ್ಯಣ್ಣ ಟವಲಿನಿಂದ ಎರಡೂ ಕೈ ಚೆನ್ನಾಗಿ ಒರೆಸಿಕೊಂಡ. ಗೂಟಕ್ಕೆ ಹಾಕಿದ್ದ ಅಂಗಿಯ ಜೇಬಿನಿಂದ ಫೋನು ತೆಗೆದು, ಕಣ್ಣಿಂದ ದೂರ ಹಿಡಿದು ಹೆಸರು ಹುಡುಕಿ ಒತ್ತಿದ. ಎಲ್ಲರಿಗೂ ಕೇಳುವ ಹಾಗೆ ಜೋರು ಮಾಡಿ ಜಗಲಿಯ ಮೇಲೆ ಇಟ್ಟ.

"ಏನಪ್ಪಾ, ಗಾಡಿ ಓಡಿಸ್ತಿದೀನಿ."

"ಪಕ್ಕಕ್ಕೆ ಹಾಕು ಮುನಿಕೃಷ್ಣ."

"ಯಾಕೆ, ಅಮ್ಮಂಗೇನಾಯ್ತು?"

"ಅಮ್ಮ ಇಲ್ಲೇ ನಿಂತವಳೆ. ದೊಡ್ಡಬಳ್ಳಾಪುರದ ಕೋದಂಡರಾಮಯ್ಯ ಬಂದಿದಾನೆ. ನಿನಗೆ ಒಂದು ವಿಷಯ ಹೇಳ್ಬೇಕಂತೆ."

ತಾನು ಹಾಗೆಂದು ಹೇಳಿರಲಿಲ್ಲ. ಆದರೂ ಕೋದಂಡರಾಮಯ್ಯ ಬಗ್ಗಿದ. ಕಾಣದ ಒಬ್ಬ ಗಂಡಸಿಗೆ, ಲಾರಿಗಳು ಓಡಾಡುವ ಸದ್ದಿನ ನಡುವೆ, ನೂರಾ ಹದಿನೇಳು ನೂರಾ ಹದಿನೆಂಟು ಎಂದು ಹೇಳಿದ. ಹೆದರಿಕೆ ಎನ್ನುವ ಮಾತು ಬರುವ ಜಾಗದಲ್ಲಿ ನಿಂತು, ಅದನ್ನು ಬಿಟ್ಟು ಮುಂದಕ್ಕೆ ಹೋದ. ಮುಗಿದ ಮೇಲೂ ಲಾರಿಗಳ ಸದ್ದೇ ಕೇಳುತ್ತಿತ್ತು.

"ಅಪ್ಪಾ" ಎಂದಿತು ಆ ದನಿ. "ಅವರು ಅಲ್ಲೇ ಇದಾರಾ?"

"ಇದಾನೆ."

"ನಾನು ಬರೋವರೆಗೂ ಕಳಿಸ್ಬೇಡ." ಫೋನು ನಿಂತಿತು.

ಹಸು ಬಾಲ ಬೀಸಿ ಕೋದಂಡರಾಮಯ್ಯನ ತೋಳಿಗೆ ಒದ್ದೆ ಹತ್ತಿಸಿತು. ಓಡಿಹೋಗಬೇಕು ಎಂದು ಅನ್ನಿಸಿದರೂ ನಿಂತೇ ಇದ್ದ. ಸಂಜೆಯ ಹಾಲಿಗೆ ಹೆಂಗಸರು ಕ್ಯಾನು ಹಿಡಿದು ಬೀದಿಯಲ್ಲಿ ಹೋಗುತ್ತಿದ್ದರು, ಇಬ್ಬರು ಮೂವರು ನಿಂತು ಇತ್ತ ನೋಡಿದರು. ಅಪ್ಪಯ್ಯಣ್ಣನ ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಮಗ್ಗದ ಮುಂದೆ ಕೂತಾಗ ಇರುತ್ತಿದ್ದ ಮುಖ ಅದು, ಎಳೆಯ ಮೇಲೆ ಕಣ್ಣಿಟ್ಟ ಮುಖ. ಅವನು ಹೆಬ್ಬೆರಳಿನಿಂದ ಹೆಸರುಗಳನ್ನು ಒಂದೊಂದಾಗಿ ಕೆಳಕ್ಕೆ ಸರಿಸುತ್ತಿದ್ದ.

"ನಿಮ್ಮಣ್ಣನಿಗೆ ಮಾಡ್ಲಾ?" ಎಂದು ಹೆಂಡತಿಯನ್ನು ಕೇಳಿದ.

"ಮೊದ್ಲು ಅವನಿಗೇ ಮಾಡ್ಬೇಕಿತ್ತು, ಕೆಲಸ ಕೆಡಿಸ್ಕೊಂಡು ಬಂದೋನು ಅಂತ ಹಂಗಿಸ್ದೋನು" ಎಂದಳು ಗಂಗಲಕ್ಷ್ಮಮ್ಮ. ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲ ಮೇಲೆ ಕೂತಳು. "ಆಮೇಲೆ ಮಗಳು ನಾಗರತ್ನಂಗೆ. ಅವಳ ಗಂಡನ ಮನೇಲಿ ಇವತ್ತಿಗೂ ಅಪ್ಪನ ಗಂಟು ಅಂತ ಆಡ್ಕೋತಾರೆ."

"ಎಲ್ಲರಿಗೂ ಮಾಡಣ. ಹೊತ್ತಿದೆ" ಎಂದು ಅಪ್ಪಯ್ಯಣ್ಣ ಒತ್ತಿ, ಫೋನನ್ನು ಈ ಸಲ ಜಗಲಿಯ ಮೇಲೆ ಇಡದೆ ಕೋದಂಡರಾಮಯ್ಯನ ಅಂಗೈಯೊಳಗೆ ಇಟ್ಟ. ಅದು ಬಡಿದುಕೊಳ್ಳುತ್ತಿತ್ತು. ಒಂದು, ಎರಡು, ಮೂರು. ಅತ್ತ ಕಡೆ ಯಾರೋ ಮುದುಕನ ದನಿ ಹಲೋ ಎಂದಿತು. ಯಾರೂ ಏನೂ ಹೇಳಿಕೊಡಲಿಲ್ಲ.

"ನಾನು ಕೋದಂಡರಾಮಯ್ಯ" ಎಂದ ಅವನು. "ಕಾರ್ಡು ಹೆಣೀತಿದ್ದೋನು."